ಒಂದೇ ಕ್ರಿಯಾಟಿನಿನ್, ಎರಡು ಕಾರಣ: ಕಿಡ್ನಿ ಕಸಿಯಾದ ಮೇಲಿನ ಮೊದಲ ಮಳೆಗಾಲ

ಇದು ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ, ಆಗಿರುವವರ ಪ್ರಕರಣ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಯಸ್ಸು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಕ್ಲಿನಿಕ್, ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಇಲ್ಲಿ ಅವರನ್ನು ರೈಟರ್ ಅಂತಲೇ ಕರೆಯುತ್ತೇನೆ. ತೋಟದಲ್ಲೂ ಎಲ್ಲರೂ ಹಾಗೇ ಕರೆಯುವುದು.

ಕಿಡ್ನಿ ಕಸಿ ಅಂದ ಕೂಡಲೇ ಎಲ್ಲರ ಗಮನ ಆಪರೇಷನ್ ಕಡೆಗೇ ಹೋಗುತ್ತದೆ. ನಮ್ಮಂಥ ಸಣ್ಣ ಊರಿನ ವೈದ್ಯರಿಗೆ, ಮನೆಯವರಿಗೆ ನಿಜವಾದ ಕೆಲಸ ಶುರುವಾಗುವುದು ಅದು ಮುಗಿದ ಮೇಲೆ. ಕಸಿ ಮಾಡಿದ ತಂಡ ಇರುವುದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ. ರೈಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಯಾವಾಗ ತೆರೆದಿರುತ್ತದೆ, ಯಾವಾಗ ಬದಿಯ ಮಣ್ಣಿನ ಬರೆ ಜಾರುತ್ತದೆ ಹೇಳಲಾಗದು. ಜ್ವರ, ಕೆಮ್ಮು ಬಂದರೆ ಮೊದಲು ನೋಡುವವರು ಊರಿನ ವೈದ್ಯರೇ, ಮಾತ್ರೆ ಕೊಡುವುದು ಊರಿನ ಮೆಡಿಕಲ್ ಶಾಪೇ.

ಹಿನ್ನೆಲೆ

ರೈಟರಿಗೆ ನಲವತ್ತು ದಾಟಿತ್ತು. ಬಿಪಿ ಬಹಳ ದಿನದಿಂದ ಇತ್ತು, ಅವರಿಗೆ ಗೊತ್ತೇ ಇರಲಿಲ್ಲ. ಕಾಲು ಊದಿಕೊಂಡು, ಊಟ ಸೇರದೆ ಬಂದಾಗ ಎರಡೂ ಕಿಡ್ನಿ ಬಹುತೇಕ ನಿಂತಿದ್ದವು. ಎರಡು ವರ್ಷ, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯಿತು. ಆಮೇಲೆ ತಾಯಿ ಒಂದು ಕಿಡ್ನಿ ಕೊಟ್ಟರು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದರು. ತಾಯಿಗೆ ಅರವತ್ತು ದಾಟಿದ್ದರೂ ಎಲ್ಲ ಪರೀಕ್ಷೆಯಲ್ಲೂ ಪಾಸಾದರು.

ಜನವರಿ ಕೊನೆಯಲ್ಲಿ ಆಪರೇಷನ್ ಆಯಿತು. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಕೆಳಹೊಟ್ಟೆಯ ಒಂದು ಬದಿಯಲ್ಲಿ ಕೂರಿಸುತ್ತಾರೆ. ಇವರಿಗೆ ಬಲಗಡೆ. ಕ್ರಿಯಾಟಿನಿನ್ 1.2ಕ್ಕೆ ಬಂದು ನಿಂತಿತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ ಇದು, ಕಿಡ್ನಿಯ ಕೆಲಸ ಕುಂದಿದರೆ ರಕ್ತದಲ್ಲಿ ಏರುತ್ತದೆ. ಮೂರು ಮುಖ್ಯ ಮಾತ್ರೆ: ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ದೇಹ ಹೊಸ ಕಿಡ್ನಿಯನ್ನು ಹೊರಗಿನದು ಎಂದು ಗುರುತಿಸಿ ದಾಳಿ ಮಾಡದಂತೆ ತಡೆಯುವುದು ಇವುಗಳ ಕೆಲಸ.

ಈ ಪ್ರಕರಣ ಪೂರ್ತಿ ನಿಂತಿರುವುದು ಟ್ಯಾಕ್ರೊಲಿಮಸ್ ಮೇಲೆ. ಇದನ್ನು 12 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ಅಳೆಯಬೇಕು. ಅದನ್ನೇ ಎಲ್ಲರೂ ‘ಲೆವೆಲ್’ ಅನ್ನುವುದು. ಕಡಿಮೆಯಾದರೆ ದೇಹ ಕಿಡ್ನಿಯ ಮೇಲೆ ತಿರುಗಿಬೀಳುತ್ತದೆ. ಜಾಸ್ತಿಯಾದರೆ ಮಾತ್ರೆಯೇ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಬಿಗಿಸಿ ಹಾಳು ಮಾಡುತ್ತದೆ. ಎರಡರಲ್ಲೂ ಕ್ರಿಯಾಟಿನಿನ್ ಏರುತ್ತದೆ. ರೈಟರಿಗೆ ಬೆಳಗ್ಗೆ, ರಾತ್ರಿ 3 ಮಿ.ಗ್ರಾಂ. ನಡೆಯುತ್ತಿತ್ತು. ಆ ಹಂತಕ್ಕೆ ಆಸ್ಪತ್ರೆ ಹಾಕಿಕೊಟ್ಟ ಗುರಿ 6ರಿಂದ 8. ಜುಲೈಯಲ್ಲಿ 7.2 ಇತ್ತು. ಎಲ್ಲ ಸರಿಯಾಗಿತ್ತು.

ಮೊದಲ ಏರಿಕೆ

ಆಗಸ್ಟ್ 4ರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೆಂಡತಿ, ತಾಯಿ, ಭಾವ ಎಲ್ಲರೂ ಸೇರಿ ರೈಟರನ್ನು ಕರೆತಂದರು. ಮೂತ್ರ ಕೆಂಪಾಗಿದೆ, ಕಿಡ್ನಿಯಿಂದ ರಕ್ತ ಹೋಗುತ್ತಿದೆ ಎಂಬ ಭಯ.

ಹಿಂದಿನ ದಿನ ಆಗಸ್ಟ್ 3. ಕೊಡಗಿನವರಿಗೆ ಆ ದಿನ ಏನೆಂದು ಹೇಳಬೇಕಿಲ್ಲ. ಕಕ್ಕಡ ಪದಿನೆಟ್ಟ್, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನಲ್ಲಿ ಅಂದು 18 ಬಗೆಯ ಔಷಧಿಯ ಗುಣ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪನ್ನು ಕುದಿಸಿ, ಆ ನೇರಳೆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಕೆಂಪಗಾಗುತ್ತದೆ. ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಆರು ತಿಂಗಳ ಹಿಂದೆ ಕಿಡ್ನಿ ಕಸಿಯಾದ ಮನೆಯಲ್ಲಿ ಗೊತ್ತಿರುವುದೂ ಮರೆತುಹೋಗುತ್ತದೆ ಅಲ್ವಾ. ಮಗನಿಗೆ ಒಳ್ಳೆಯದಾಗಲಿ ಅಂತ ಪಾಯಸ ಮಾಡಿದ್ದವರು ತಾಯಿಯೇ. “ನಾನು ಮಾಡಿದ ಪಾಯಸದಿಂದಲೇ ಹೀಗಾಯ್ತಾ ಡಾಕ್ಟ್ರೇ?” ಅಂತ ಕೇಳಿದರು. ಕಿಡ್ನಿ ಕೊಟ್ಟ ತಾಯಿ ಈ ಪ್ರಶ್ನೆ ಕೇಳುತ್ತಾ ನಿಂತಿರುವುದನ್ನು ನೋಡುವುದು ಸುಲಭವಲ್ಲ.

ಮೂತ್ರವನ್ನು ಅಲ್ಲೇ ಪರೀಕ್ಷೆ ಮಾಡಿದೆವು. ಸ್ಟ್ರಿಪ್‌ನಲ್ಲಿ ರಕ್ತ ಇಲ್ಲ. ಮೈಕ್ರೋಸ್ಕೋಪಿನಲ್ಲೂ ಕೆಂಪು ರಕ್ತಕಣ ಇಲ್ಲ. “ಅಮ್ಮಾ, ಇದು ಸೊಪ್ಪಿನ ಬಣ್ಣ, ರಕ್ತ ಅಲ್ಲ” ಅಂತ ಅವರಿಗೆ ಮೊದಲು ಹೇಳಿದೆ.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೊರಟಿದ್ದರು. ಅಷ್ಟರಲ್ಲಿ ಹೆಂಡತಿ, “ಮೂರು ದಿನದಿಂದ ಇವ್ರ ಕೈ ನಡುಗ್ತಾ ಇದೆ, ಅದೂ ಸೊಪ್ಪಿಂದಲೇನಾ?” ಅಂದರು. ಸೊಪ್ಪು ತಿಂದು ಒಂದು ದಿನವಾಗಿತ್ತು, ನಡುಕ ಮೂರು ದಿನದ್ದು. ರೈಟರ್ ಮೊಬೈಲಿನಲ್ಲಿ ಚೆಕ್‌ರೋಲಿನ ಫೋಟೋ ತೋರಿಸಿದರು. ಆಳುಗಳ ಹಾಜರಿ ಬರೆಯುವ ಆ ಪುಟಗಳಲ್ಲಿ ಜುಲೈ ತಿಂಗಳ ಅಂಕಿಗಳು ಅಚ್ಚು ಹಾಕಿದ ಹಾಗಿದ್ದವು. ಆಗಸ್ಟ್ 1ರಿಂದ ಗೆರೆಗಳು ಅಂಕುಡೊಂಕು. 2ನೇ ತಾರೀಕಿನ ಸಾಲಿನಲ್ಲಿ ಒಂದು 8 ಎರಡು ಸಲ ತಿದ್ದಿದರೂ ಮುಚ್ಚಿಕೊಂಡಿರಲಿಲ್ಲ. ಯಾವ ರಿಪೋರ್ಟಿಗಿಂತಲೂ ಅದೇ ಸ್ಪಷ್ಟವಾಗಿತ್ತು.

ರಕ್ತ ಪರೀಕ್ಷೆ ಬಂತು. ಕ್ರಿಯಾಟಿನಿನ್ 2.1. ಪೊಟ್ಯಾಸಿಯಂ 5.7. ಬಿಪಿ 160/100. ಜ್ವರ ಇರಲಿಲ್ಲ. ಕಸಿಯಾದ ಜಾಗ ಒತ್ತಿದರೆ ನೋವಿರಲಿಲ್ಲ. ಮೂತ್ರ ಎಂದಿನಷ್ಟೇ ಹೋಗುತ್ತಿತ್ತು. ಸ್ಕ್ಯಾನ್‌ನಲ್ಲಿ ಮೂತ್ರದ ದಾರಿ ಕಟ್ಟಿಕೊಂಡಿರಲಿಲ್ಲ.

ಚೀಲ ಬರಿದು ಮಾಡಿದ್ದು

ಆರು ತಿಂಗಳ ಕಸಿಯಲ್ಲಿ ಕ್ರಿಯಾಟಿನಿನ್ ಹೀಗೆ ಏರಿದರೆ ಮೊದಲು ಬರುವ ಯೋಚನೆ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯ ಮೇಲೆ ದಾಳಿ ಮಾಡುವುದು. ಅದಕ್ಕೆ ಔಷಧಿ ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಇಂಜೆಕ್ಷನ್. ಅದು ನಮ್ಮಲ್ಲೂ ಇತ್ತು, ಆ ಮಧ್ಯಾಹ್ನವೇ ಕೊಡಬಹುದಿತ್ತು. ಕೊಡಿ ಅಂತ ಭಾವನ ಒತ್ತಾಯ. ರಸ್ತೆ ಯಾವಾಗ ಬೇಕಾದರೂ ಬಂದ್ ಆಗಬಹುದು, ಏನಾದರೂ ಮಾಡಿ ಎಂಬುದು ಅವರ ವಾದ. ಅದರಲ್ಲಿ ತಪ್ಪೂ ಇರಲಿಲ್ಲ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರು ಕೊಡಗಿನಲ್ಲಿ ಹಾಗೇ ಯೋಚಿಸುತ್ತಾರೆ.

ಆದರೆ ಕೈ ನಡುಕ, ಏರಿದ ಬಿಪಿ, ಪೊಟ್ಯಾಸಿಯಂ ಮೂರೂ ಸೇರಿ ಬೇರೆ ಕಡೆ, ಟ್ಯಾಕ್ರೊಲಿಮಸ್ ಜಾಸ್ತಿಯಾಗಿರುವ ಕಡೆ ಬೆರಳು ತೋರಿಸುತ್ತಿದ್ದವು. ಮನೆಯಲ್ಲಿರುವ ಎಲ್ಲ ಮಾತ್ರೆ ತರಲು ಭಾವನನ್ನು ಕಳಿಸಿದೆವು. ‘ಕಿಡ್ನಿ ಮಾತ್ರೆ’ ಮಾತ್ರ ಅಲ್ಲ, ಎಲ್ಲವೂ. ಪ್ಲಾಸ್ಟಿಕ್ ಚೀಲವನ್ನು ಟೇಬಲ್ ಮೇಲೆ ಸುರಿದಾಗ ಕ್ಲಾರಿಥ್ರೊಮೈಸಿನ್ 500ರ ಸ್ಟ್ರಿಪ್ ಸಿಕ್ಕಿತು. ಎರಡು ಮಾತ್ರೆ ಉಳಿದಿದ್ದವು. ಜುಲೈ ಕೊನೆಗೆ ಕಫ ಕಟ್ಟಿ ಕೆಮ್ಮು ಬಂದಾಗ ಹತ್ತಿರದ ಕ್ಲಿನಿಕ್‌ನಲ್ಲಿ ಏಳು ದಿನಕ್ಕೆ ಬರೆದುಕೊಟ್ಟಿದ್ದರು. ಅಲ್ಲಿನ ವೈದ್ಯರು ಕಿಡ್ನಿ ಕಸಿಯಾಗಿದೆ ಅಂತ ಕೇಳಿಕೊಂಡೇ ನೋವಿನ ಮಾತ್ರೆ ಕೊಡದೆ ಎಚ್ಚರ ವಹಿಸಿದ್ದರು. ಉಪವಾಸ ಬೇಡ, ನೀರು ಚೆನ್ನಾಗಿ ಕುಡಿಯಿರಿ ಅಂತಲೂ ಹೇಳಿದ್ದರು. ಈ ಒಂದು ಆಂಟಿಬಯೋಟಿಕ್ ಮಾತ್ರ ಕಣ್ತಪ್ಪಿತ್ತು.

ಟ್ಯಾಕ್ರೊಲಿಮಸ್ ಅನ್ನು ಕರಗಿಸಿ ಹೊರಹಾಕುವ ಒಂದು ಕಿಣ್ವ ಲಿವರ್‌ನಲ್ಲೂ ಕರುಳಿನಲ್ಲೂ ಇದೆ. ಕ್ಲಾರಿಥ್ರೊಮೈಸಿನ್ ಅದರ ಕೈ ಕಟ್ಟಿಹಾಕುತ್ತದೆ. ಎರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಕೂಡ ಹಾಗೇ. ಆಗ ತೆಗೆದುಕೊಳ್ಳುವ ಕ್ಯಾಪ್ಸೂಲ್ ಅಷ್ಟೇ ಇದ್ದರೂ ರಕ್ತದಲ್ಲಿ ಲೆವೆಲ್ ಏರುತ್ತಾ ಹೋಗುತ್ತದೆ. ಕ್ಲಾರಿಥ್ರೊಮೈಸಿನ್ ಗುಂಪಿನದೇ ಆದ ಅಜಿಥ್ರೊಮೈಸಿನ್‌ಗೆ ಈ ಗುಣ ತೀರಾ ಕಡಿಮೆ.

ಅನುಮಾನ ಬಂತು. ಆದರೆ ಅನುಮಾನವೇ ಪುರಾವೆ ಅಲ್ಲ. ಲೆವೆಲ್ ಬೇಕು. ಅದನ್ನು ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು, ಅಂದರೆ ಹಿಂದಿನ ಡೋಸ್ ಆಗಿ 12 ಗಂಟೆಗೆ ತೆಗೆಯಬೇಕು. ರೈಟರ್ ಬೆಳಗ್ಗೆ ಎಂಟಕ್ಕೆ ಕ್ಯಾಪ್ಸೂಲ್ ನುಂಗಿಯೇ ಬಂದಿದ್ದರು. ಆಗಲೇ ರಕ್ತ ತೆಗೆದರೆ ಅಂಕಿ ಹೇಗೂ ಜಾಸ್ತಿಯೇ ಬರುತ್ತದೆ, ಅದನ್ನು ನಂಬುವ ಹಾಗಿಲ್ಲ. ಹಾಗಾಗಿ ರಾತ್ರಿ ಎಂಟರವರೆಗೆ ಕಾಯುವುದೆಂದು ತೀರ್ಮಾನವಾಯಿತು. ನನ್ನ ಪ್ರಕಾರ ಇಡೀ ಪ್ರಕರಣದ ಅತಿ ಮುಖ್ಯ ತೀರ್ಮಾನ ಇದು.

ಕಸಿ ತಂಡದ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದೆ. ಸುಮ್ನೆ ಕಾಯುವುದಲ್ಲ, ಷರತ್ತು ಹಾಕಿಕೊಂಡು ಕಾಯುವುದು ಅಂತ ಒಪ್ಪಿದೆವು. ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ಪೊಟ್ಯಾಸಿಯಂ 6 ದಾಟಿದರೆ, ಇಸಿಜಿ ಬದಲಾದರೆ ಆ ಕ್ಷಣವೇ ಮೈಸೂರಿಗೆ. ಅಲ್ಲಿಯವರೆಗೆ ಕ್ಲಾರಿಥ್ರೊಮೈಸಿನ್ ಬಂದ್. ಪೊಟ್ಯಾಸಿಯಂ ಜಾಸ್ತಿ ಇರುವ ಬಾಳೆಹಣ್ಣು, ಎಳನೀರು, ಕಿತ್ತಳೆ ಬೇಡ. ಬಿಪಿಗೆ ಆಮ್ಲೋಡಿಪಿನ್ ಸ್ವಲ್ಪ ಜಾಸ್ತಿ. ರಾತ್ರಿ ಎಂಟಕ್ಕೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಆ ಹೊತ್ತಿನ ಟ್ಯಾಕ್ರೊಲಿಮಸ್ ನಿಲ್ಲಿಸಿದೆವು. ಬೆಳಕು ಹರಿಯುವ ಮೊದಲೇ ಭಾವ ಸ್ಯಾಂಪಲ್ ಹಿಡಿದು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾರಿಯಲ್ಲಿ ಮೈಸೂರಿಗೆ ಹೊರಟರು.

5ರ ಬೆಳಗ್ಗೆ ಕ್ರಿಯಾಟಿನಿನ್ 2.2. ಕಾಯುವವರಿಗೆ ಈ 0.1 ಬಹಳ ದೊಡ್ಡದು. ಇಂಜೆಕ್ಷನ್ ಕೊಟ್ಟುಬಿಡೋಣ ಎಂಬ ಮಾತು ಮತ್ತೆ ಬಂತು. ಹಾಕಿಕೊಂಡ ಷರತ್ತುಗಳಲ್ಲಿ ಒಂದೂ ಮುರಿದಿರಲಿಲ್ಲ. ಸಂಜೆ ಲೆವೆಲ್ ಬಂತು: 27.

ಅಂದರೆ ಗುರಿಯ ಮೂರು ಪಟ್ಟಿಗಿಂತ ಜಾಸ್ತಿ. ಸ್ಟಿರಾಯ್ಡ್ ಬೇಕಿರಲಿಲ್ಲ. ಕೊಟ್ಟಿದ್ದರೆ ಸಕ್ಕರೆ ಏರಿ, ಸೋಂಕಿಗೆ ಬಾಗಿಲು ತೆರೆದು, ನಿಜವಾದ ಕಾರಣ ಇನ್ನೂ ಮುಚ್ಚಿಹೋಗುತ್ತಿತ್ತು. ಟ್ಯಾಕ್ರೊಲಿಮಸ್ ನಿಲ್ಲಿಸಿಯೇ ಇಟ್ಟೆವು, ಉಳಿದೆರಡು ಮಾತ್ರೆ ಮುಂದುವರಿದವು. 8ನೇ ತಾರೀಕಿಗೆ ಲೆವೆಲ್ 9.6, ಕ್ರಿಯಾಟಿನಿನ್ 1.5. ನಡುಕ ಬಹುತೇಕ ಹೋಗಿತ್ತು. ಕಸಿ ತಂಡ ಅರ್ಧ ಡೋಸ್, ಅಂದರೆ 1.5 ಮಿ.ಗ್ರಾಂ.ನಿಂದ ಮತ್ತೆ ಶುರು ಮಾಡಲು ಹೇಳಿತು. ಕ್ಲಾರಿಥ್ರೊಮೈಸಿನ್‌ನ ಪ್ರಭಾವ ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ದಿನ ಇರುತ್ತದೆ. ಅದು ಪೂರ್ತಿ ಇಳಿದ ಮೇಲೆ ಅರ್ಧ ಡೋಸ್ ಸಾಲುವುದಿಲ್ಲ. ಹಾಗಾಗಿ 12ಕ್ಕೆ ಮತ್ತೆ ಲೆವೆಲ್ ನೋಡಿ ಡೋಸ್ ಏರಿಸಬೇಕು ಎಂಬ ಸೂಚನೆ ಚೀಟಿಯಲ್ಲೂ ಇತ್ತು, ಹೆಂಡತಿಯ ನೋಟ್‌ಬುಕ್ಕಿನಲ್ಲೂ ಇತ್ತು.

ಎರಡನೇ ಏರಿಕೆ

12ನೇ ತಾರೀಕು ಬಂತು, ರಕ್ತ ಪರೀಕ್ಷೆ ಆಗಲಿಲ್ಲ. ಎರಡು ದಿನ ಬಿಡದೆ ಮಳೆ ಸುರಿದು ತೋಟದ ದಾರಿಗೆ ಮಣ್ಣು ಜಾರಿತ್ತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಮಾತ್ರೆ ಮನೆಯಲ್ಲಿತ್ತು. ರೈಟರ್ ಒಂದು ಹೊತ್ತೂ ತಪ್ಪಿಸದೆ ಅರ್ಧ ಡೋಸ್ ತೆಗೆದುಕೊಂಡರು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಕಷ್ಟ ಹುಟ್ಟಿದ್ದೂ ಅಲ್ಲೇ. ನಾಲ್ಕು ದಿನಕ್ಕೆಂದು ಕೊಟ್ಟ ಡೋಸ್ ಹನ್ನೆರಡು ದಿನ ನಡೆಯಿತು.

20ಕ್ಕೆ ದಾರಿ ತೆರೆದು, ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟರು. ಕ್ರಿಯಾಟಿನಿನ್ 1.9. ಹೆಂಡತಿ ಫೋನ್ ಮಾಡಿದರು: “ಮತ್ತೆ ಮಾತ್ರೆ ಜಾಸ್ತಿಯಾಗಿರಬೇಕು ಡಾಕ್ಟ್ರೇ. ಇವತ್ತು ರಾತ್ರಿಯದ್ದು ಬಿಟ್ಟುಬಿಡ್ಲಾ?”

ಪ್ರಶ್ನೆ ಸಹಜವೇ. ಎರಡು ವಾರದ ಹಿಂದೆ ಕ್ರಿಯಾಟಿನಿನ್ ಏರಿದಾಗ ಅದೇ ಮಾತ್ರೆ ನಿಲ್ಲಿಸಿ ಗುಣವಾಗಿತ್ತು. ಹಿಂದಿನ ಸಲ ಫಲ ಕೊಟ್ಟ ಉಪಾಯವನ್ನೇ ಈ ಸಲವೂ ಮಾಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಕಸಿಯಾದವರ ಮನೆಗಳಲ್ಲಿ ನಾನು ಬಹಳ ಹೆದರುವುದು ಇದಕ್ಕೇ. ನಾನು ಕೇಳಿದ್ದು ಮೂರೇ ಪ್ರಶ್ನೆ. ಕೈ ನಡುಗುತ್ತಿದೆಯಾ? ಇಲ್ಲ, ಚೆಕ್‌ರೋಲ್ ಚೆನ್ನಾಗೇ ಬರೆಯುತ್ತಿದ್ದಾರೆ. ಹೊಸ ಮಾತ್ರೆ ಏನಾದರೂ? ಇಲ್ಲ. ಮೂತ್ರ ಹೇಗಿದೆ? ಎರಡು ದಿನದಿಂದ ಸ್ವಲ್ಪ ಕಡಿಮೆ, ಕಾಲು ಸ್ವಲ್ಪ ಊದಿದೆ, ಹೊಟ್ಟೆಯ ಬಲಗಡೆ ಏನೋ ಬಿಗಿದ ಹಾಗಿದೆಯಂತೆ.

ಬಿಡಬೇಡಿ, ಒಂದು ಹೊತ್ತೂ ಬಿಡಬೇಡಿ, ಈಗಲೇ ಮೈಸೂರಿಗೆ ಹೊರಡಿ ಅಂದೆ. ಈ ಸಲ ಸ್ಯಾಂಪಲ್ ಮಾತ್ರ ಕಳಿಸುವ ಮಾತಿರಲಿಲ್ಲ, ರೈಟರೇ ಹೋಗಬೇಕಿತ್ತು. ಕುಶಾಲನಗರದ ಕಡೆ ಹೊಳೆ ತುಂಬಿದ್ದರಿಂದ ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಹೋಗಿ ತಲುಪಿದರು.

ಲೆವೆಲ್ 3.2. ಕಸಿ ತಂಡ ಬಯಾಪ್ಸಿ ಮಾಡಿತು. ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಕಿಡ್ನಿಯ ಸಣ್ಣ ತುಣುಕು ತೆಗೆಯುವುದು ಅದು. ಜಾಗ ಮರಗಟ್ಟಿಸಿ ಮಾಡುತ್ತಾರೆ, ಆಮೇಲೆ ರಕ್ತಸ್ರಾವ ಆಗದಂತೆ ಮಲಗಿಸಿ ನೋಡಿಕೊಳ್ಳುತ್ತಾರೆ. ರಿಪೋರ್ಟಿನಲ್ಲಿ ಬಂದದ್ದು ರಿಜೆಕ್ಷನ್. ಆದರೆ ಆರಂಭದ್ದು, ಬಿಳಿ ರಕ್ತಕಣಗಳು ನೇರವಾಗಿ ಮಾಡುವ ಬಗೆಯದ್ದು. ಇದು ಚಿಕಿತ್ಸೆಗೆ ಬಗ್ಗುವ ಬಗೆ. ಮೂರು ದಿನ ಮಿಥೈಲ್‌ಪ್ರೆಡ್ನಿಸೊಲೋನ್ 500 ಮಿ.ಗ್ರಾಂ. ಕೊಟ್ಟರು, ಟ್ಯಾಕ್ರೊಲಿಮಸ್ ಹಳೆಯ ಡೋಸ್‌ಗೆ ಏರಿಸಿದರು. ಮೊದಲ ಸಲ ತಡೆಹಿಡಿದ ಅದೇ ಇಂಜೆಕ್ಷನ್ ಈ ಸಲ ಕಿಡ್ನಿ ಉಳಿಸಿತು. ಕ್ರಿಯಾಟಿನಿನ್ ನಿಧಾನವಾಗಿ 1.4ಕ್ಕೆ ಇಳಿದು ಅಲ್ಲೇ ನಿಂತಿತು. ಹಳೆಯ 1.2 ಮತ್ತೆ ಬರಲಿಲ್ಲ.

ಸ್ಟಿರಾಯ್ಡ್‌ನಿಂದ ಸಕ್ಕರೆ ಏರಿ ಕೆಲವು ವಾರ ಇನ್ಸುಲಿನ್ ಬೇಕಾಯಿತು. ಸೋಂಕು ತಡೆಯುವ ಕೋ-ಟ್ರೈಮೊಕ್ಸಜೋಲ್, ವ್ಯಾಲ್‌ಗ್ಯಾನ್ಸಿಕ್ಲೊವಿರ್ ಮತ್ತೆ ಶುರುವಾದವು. ದೇಹದ ಕಾವಲು ಇನ್ನಷ್ಟು ತಗ್ಗಿದಾಗ ಸಿಎಂವಿ ಎಂಬ ವೈರಸ್, ಶ್ವಾಸಕೋಶದ ಕೆಲವು ಸೋಂಕುಗಳು ತಲೆ ಎತ್ತುತ್ತವೆ, ಅದಕ್ಕಾಗಿ ಇವು. ಅಷ್ಟರ ಮಟ್ಟಿಗೆ ದೊಡ್ಡ ತೊಂದರೆಯಾಗಲಿಲ್ಲ.

ಮುಂದಿನ ಮಳೆಗೆ ಮೊದಲು

ಕೊಡಗಿನಲ್ಲಿ ಆಗಸ್ಟ್‌ನಲ್ಲಿ ದಾರಿ ಬಂದ್ ಆಗುವುದು ಆಕಸ್ಮಿಕವಲ್ಲ. ಹಾಗಿರುವಾಗ ನಾಲ್ಕು ದಿನಕ್ಕೆ ಮರುಪರೀಕ್ಷೆ ಎಂಬ ಚೀಟಿ ಅರ್ಧ ಚೀಟಿ ಮಾತ್ರ. ಪರೀಕ್ಷೆ ಆಗದಿದ್ದರೆ ಏನು ಮಾಡಬೇಕು ಅಂತಲೂ ಅದರಲ್ಲಿ ಇರಬೇಕು. ಈಗ ರೈಟರಿಗೆ ಡೋಸ್ ಬದಲಾದಾಗಲೆಲ್ಲ ಕಸಿ ತಂಡ ಎರಡು ಸಾಲು ಬರೆದುಕೊಡುತ್ತದೆ: ಪರೀಕ್ಷೆ ಆದರೆ ಹೀಗೆ, ಇಂಥ ತಾರೀಕಿನ ಒಳಗೆ ಆಗದಿದ್ದರೆ ಡೋಸ್ ಇಷ್ಟು. ಮಳೆ ಜೋರಾಗುವ ಲಕ್ಷಣ ಕಂಡರೆ ಪೇಟೆಯಲ್ಲಿರುವ ಭಾವನ ಮನೆಗೆ ಬಂದು ಇರುತ್ತಾರೆ. ಡೋಸ್ ಬದಲಾದ ವಾರದಲ್ಲಂತೂ ಖಂಡಿತ. ಮೇ ಕೊನೆಯಲ್ಲೇ ಒಂದೂವರೆ ತಿಂಗಳ ಮಾತ್ರೆ ತಂದು, ಅರ್ಧ ತೋಟದ ಮನೆಯಲ್ಲಿ, ಅರ್ಧ ಭಾವನ ಮನೆಯಲ್ಲಿ ಇಡುತ್ತಾರೆ. ಟ್ಯಾಕ್ರೊಲಿಮಸ್ ಯಾವಾಗಲೂ ಒಂದೇ ಕಂಪನಿಯದ್ದು. ಅಂಗಡಿಯಲ್ಲಿ ಅದಿಲ್ಲ, ಇದು ತಗೊಳ್ಳಿ ಅಂದರೆ ಹೆಂಡತಿ ಮೊದಲು ಫೋನ್ ಮಾಡುತ್ತಾರೆ.

ಕ್ಲಿನಿಕ್ ವೈದ್ಯರ ಜೊತೆಗೂ ಕೂತು ಮಾತಾಡಿದೆ. ಅವರೇ ಒಂದು ಕಾರ್ಡ್ ಮಾಡೋಣ ಅಂದರು. ರೈಟರ್ ಜೇಬಿನಲ್ಲಿ ಒಂದು, ಮೆಡಿಕಲ್ ಶಾಪಿನ ಗಲ್ಲಾದ ಹಿಂದೆ ಒಂದು. ಲೆವೆಲ್ ಏರಿಸುವವು: ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಫ್ಲುಕೊನಜೋಲ್, ಡಿಲ್ಟಿಯಾಜೆಮ್. ಇಳಿಸುವವು: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್. ಕಿಡ್ನಿಗೇ ಪೆಟ್ಟು ಕೊಡುವವು: ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು. ಚಕ್ಕೋತ ಹಣ್ಣನ್ನೂ ಸೇರಿಸಿದೆವು, ಅದೂ ಲೆವೆಲ್ ಏರಿಸಬಲ್ಲದು. ಭೇದಿಯನ್ನೂ ಬರೆದೆವು. ಭೇದಿಯಾದರೆ ಕರುಳಿನಿಂದ ಟ್ಯಾಕ್ರೊಲಿಮಸ್ ಜಾಸ್ತಿ ರಕ್ತಕ್ಕೆ ಸೇರುತ್ತದೆ, ನೀರಿನಂಶವೂ ಕಡಿಮೆಯಾಗುತ್ತದೆ. ಎರಡೂ ಸೇರಿ ಕ್ರಿಯಾಟಿನಿನ್ ಏರುತ್ತದೆ.

ಮದ್ದು ಸೊಪ್ಪಿನ ವಿಷಯ ತಾಯಿ ಮತ್ತೆ ಕೇಳಿದರು. ಅಂದಿನ ತೊಂದರೆಗೆ ಅದು ಕಾರಣವಲ್ಲ. ಆದರೂ ಮಗನಿಗೆ ಬೇಡ ಅಂದೆ. ಕಸಿಯಾದವರಲ್ಲಿ ಮೂತ್ರದಲ್ಲಿ ರಕ್ತ ಕಾಣುವುದು ನಾವು ಗಮನಿಸಲೇಬೇಕಾದ ಲಕ್ಷಣ, ಸೊಪ್ಪಿನ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಅವರು ಈಗ ಮಗನಿಗೆ ಬೇರೆ ಪಾತ್ರೆಯಲ್ಲಿ ಅಕ್ಕಿ ಪಾಯಸ ಮಾಡುತ್ತಾರೆ.

ಆ ಚೀಲದಿಂದ ಇನ್ನೊಂದು ಸ್ಟ್ರಿಪ್ ಸಿಕ್ಕಿದ್ದನ್ನು ಹೇಳಲೇಬೇಕು. ಡೈಕ್ಲೊಫೆನಾಕ್. ರೈಟರದ್ದಲ್ಲ, ತಾಯಿಯದ್ದು. ಮಳೆಗಾಲದ ಮಂಡಿನೋವಿಗೆ ಅಂಗಡಿಯಿಂದ ತಂದು ದಿನಕ್ಕೊಂದು ನುಂಗುತ್ತಿದ್ದರು. ಅವರಿಗೂ ಈಗ ಇರುವುದು ಒಂದೇ ಕಿಡ್ನಿ ಎಂಬುದು ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಎಲ್ಲರ ಕಣ್ಣೂ ಕಿಡ್ನಿ ಪಡೆದವರ ಮೇಲೆ, ಕೊಟ್ಟವರನ್ನು ಕೇಳುವವರೇ ಇಲ್ಲ. ಅಂಥ ಮನೆಗಳು ಬಹಳ ಇವೆ. ಕೊಟ್ಟವರಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಲೇಬೇಕು. ಅವರ ಕ್ರಿಯಾಟಿನಿನ್ 1.0 ಇತ್ತು, ಬಿಪಿ ಮಾತ್ರ ಸ್ವಲ್ಪ ಏರಿತ್ತು. ಡೈಕ್ಲೊಫೆನಾಕ್ ನಿಲ್ಲಿಸಿ, ನೋವಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಮಂಡಿಯ ವ್ಯಾಯಾಮ ಹೇಳಿಕೊಟ್ಟೆವು. ಮೂರು ತಿಂಗಳಲ್ಲಿ ಬಿಪಿ ಮಾತ್ರೆಯಿಲ್ಲದೆಯೇ ಸರಿಹೋಯಿತು. ಹೆಂಡತಿಯ ನೋಟ್‌ಬುಕ್ಕಿನಲ್ಲಿ ಈಗ ಅತ್ತೆಗೂ ಒಂದು ಪುಟವಿದೆ.